ಮನೆಯನ್ನು ಪಾಠಶಾಲೆ ಎಂದು ಕರೆಯುವ ಮೊದಲು

ಕಳೆದ ಶವ್ವಾಲ್ ತಿಂಗಳಿನಲ್ಲಿ ಒಂದು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಪರಿಚಿತರೊಬ್ಬರು ತಮ್ಮ ಮಗಳ ವಿಷಯ ತೆಗೆದರು. ಎಂಟನೆಯ ತರಗತಿಯ ಬಳಿಕ ಅವಳನ್ನು ಶಾಲೆಯಿಂದ ಬಿಡಿಸಿದ್ದಾರೆ. ಈಗ ಅವಳಿಗೆ ‘ಹೋಮ್ ಸ್ಕೂಲಿಂಗ್’. ಆ ಪದವನ್ನು ಅವರು ತುಸು ಹೆಮ್ಮೆಯಿಂದಲೇ ಉಚ್ಚರಿಸಿದರು. ಯಾವ ಪಠ್ಯಕ್ರಮ, ಯಾವ ಪುಸ್ತಕ, ಗಣಿತವನ್ನು ಯಾರು ಕಲಿಸುತ್ತಾರೆ ಎಂದು ನಾವು ವಿಚಾರಿಸಿದೆವು. “ಅದೆಲ್ಲ ಅವಳ ಉಮ್ಮನಿಗೆ ಗೊತ್ತು” ಎಂದರು. ಅದೇ ದಿನ ಹೆಂಗಸರ ಪಂಕ್ತಿಯಲ್ಲಿ ಆ ಉಮ್ಮ ನಮ್ಮ ಮನೆಯವರ ಬಳಿ ಹೇಳಿಕೊಂಡದ್ದು ಬೇರೆಯೇ. ಹದಿನೆಂಟು ತಿಂಗಳುಗಳಿಂದ ಹುಡುಗಿ ಅಡುಗೆ ಮಾಡುತ್ತಿದ್ದಾಳೆ, ಇಬ್ಬರು ತಮ್ಮಂದಿರನ್ನು ನೋಡಿಕೊಳ್ಳುತ್ತಿದ್ದಾಳೆ, ಸಂಜೆ ಮೊಬೈಲ್ ನೋಡುತ್ತಾಳೆ. ಪುಸ್ತಕಗಳು ಅಟ್ಟದ ಮೇಲೆ ಗೋಣಿಚೀಲದಲ್ಲಿವೆ.

ಇದನ್ನು ಮನೆಶಿಕ್ಷಣವೆಂದು ಕರೆಯಲು ನಾವು ಸಿದ್ಧರಿಲ್ಲ. ಇದರ ಹೆಸರು ಶಾಲೆ ಬಿಡಿಸುವುದು. ಹಿಂದೆಯೂ ಬಿಡಿಸುತ್ತಿದ್ದರು, ಆದರೆ ಆಗ ಹೇಳಿಕೊಳ್ಳಲು ಒಂದಿಷ್ಟು ಸಂಕೋಚವಿತ್ತು. ಈಗ ಅದಕ್ಕೊಂದು ಇಂಗ್ಲಿಷ್ ಹೆಸರು ದೊರೆತಿದೆ, ಸಂಕೋಚ ಹೊರಟುಹೋಗಿದೆ.

ಈ ಮಾತನ್ನು ನಾವು ಮನೆಶಿಕ್ಷಣದ ವಿರೋಧಿಗಳಾಗಿ ಹೇಳುತ್ತಿಲ್ಲ. ನಾವು ಎಂದರೆ ಕರಾವಳಿಯ ಒಂದೇ ಮೊಹಲ್ಲಾದ ಐದು ಮನೆಗಳವರು. ಕೆಲವು ವರ್ಷಗಳಿಂದ ನಮ್ಮ ಹನ್ನೊಂದು ಮಕ್ಕಳಿಗೆ ಮನೆಯಲ್ಲಿಯೇ ಕಲಿಸುತ್ತಾ ಬಂದಿದ್ದೇವೆ. ಎಡವಿದ್ದೇವೆ, ತಿದ್ದಿಕೊಂಡಿದ್ದೇವೆ. ಈ ದಾರಿಯ ಮೇಲೆ ನಮಗೆ ನಂಬಿಕೆಯಿರುವ ಕಾರಣದಿಂದಲೇ ಅದರ ಹೆಸರನ್ನು ಹೀಗೆ ಬಳಸುವುದನ್ನು ಕಂಡಾಗ ಸುಮ್ಮನಿರಲಾಗುವುದಿಲ್ಲ.

ನಾವು ಆರಂಭಿಸಿದ್ದೇಕೆ? ಬಹುಮಂದಿ ಊಹಿಸುವಂತೆ ಯಾರ ಮೇಲಿನ ಕೋಪದಿಂದಲೂ ಅಲ್ಲ. ನಮ್ಮ ಕಡೆಯ ಒಂದು ಮಗುವಿನ ದಿನಚರಿಯನ್ನು ನೆನೆದುಕೊಳ್ಳಿ. ಸುಬ್‌ಹಿಗೆ ಏಳಬೇಕು. ಆರೂವರೆಗೆ ಮದ್ರಸ. ಎಂಟೂವರೆಗೆ ಓಡಿಬಂದು ತಿಂಡಿ ನುಂಗಿ ಶಾಲೆಯ ವ್ಯಾನ್ ಹಿಡಿಯಬೇಕು. ನಾಲ್ಕು ಗಂಟೆಗೆ ಶಾಲೆ ಬಿಟ್ಟರೆ ಐದರಿಂದ ಟ್ಯೂಷನ್. ಮಗ್ರಿಬ್ ಬಳಿಕ ಮದ್ರಸದ ಪಾಠ ಒಪ್ಪಿಸುವುದು, ಶಾಲೆಯ ಹೋಮ್‌ವರ್ಕ್ ಬರೆಯುವುದು. ಇಶಾ ಆಗುವಷ್ಟರಲ್ಲಿ ಮಗು ಪುಸ್ತಕದ ಮೇಲೆಯೇ ನಿದ್ರಿಸಿರುತ್ತದೆ. ಎಂಟು ವರ್ಷದ ಮಗುವಿಗೆ ಆಟವಿಲ್ಲ, ಅಜ್ಜಿಯ ಕಥೆಯಿಲ್ಲ, ತಂದೆಯೊಂದಿಗೆ ಮಾತಿಲ್ಲ. ಇಷ್ಟಾದ ಮೇಲೆ ಕಲಿತದ್ದಾದರೂ ಏನು ಎಂದು ನೋಡಿದರೆ, ಐದನೆಯ ತರಗತಿಯ ಹುಡುಗ ಕನ್ನಡದ ಒಂದು ಪುಟವನ್ನು ತಡೆಯಿಲ್ಲದೆ ಓದಲಾರ. ಭಾಗಾಕಾರ ಬರೆದುಕೊಟ್ಟರೆ ಮುಖ ನೋಡುತ್ತಾನೆ. ನಮ್ಮ ಮನೆಯಲ್ಲಿಯೇ ಕಂಡದ್ದಿದು. ಶಾಲೆಯೊಂದನ್ನೇ ನಾವು ದೂರುವುದಿಲ್ಲ. ಮೂರು ಕಡೆಯವರು ಮೂರು ಹೊತ್ತು ಹಂಚಿಕೊಂಡ ಮಗುವನ್ನು ಇಡಿಯಾಗಿ ನೋಡುವವರು ಯಾರೂ ಇರಲಿಲ್ಲ.

ಬಳಿಕ 2022 ಬಂತು. ಆ ವರ್ಷದ ಫೆಬ್ರವರಿ 5ರ ಸಮವಸ್ತ್ರದ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ನೀಡಿದ ಭಿನ್ನ ತೀರ್ಪುಗಳು - ಇವೆಲ್ಲ ಓದುಗರಿಗೆ ನೆನಪಿವೆ. ತಲೆವಸ್ತ್ರ ತೆಗೆಯಲೊಪ್ಪದ ಎಷ್ಟೋ ಹೆಣ್ಣುಮಕ್ಕಳು ಮನೆಗೆ ಮರಳಿದರು. ಆ ದಿನಗಳಲ್ಲಿ ನಮ್ಮ ವೇದಿಕೆಗಳಲ್ಲಿ ಭಾಷಣಗಳಿಗೆ ಕೊರತೆಯಿರಲಿಲ್ಲ. ಆ ಮಕ್ಕಳ ಧೈರ್ಯವನ್ನು ಕೊಂಡಾಡಿದೆವು, ಅವರ ಭಾವಚಿತ್ರಗಳನ್ನು ಹಂಚಿದೆವು. ಈಗ ನಾವು ಕೇಳುವ ಪ್ರಶ್ನೆ ಒಂದೇ. ನಿಮ್ಮ ಜಮಾಅತಿನ ವ್ಯಾಪ್ತಿಯಲ್ಲಿ ಹಾಗೆ ಮನೆಗೆ ಬಂದ ಹುಡುಗಿಯರು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿ ಮತ್ತೆ ಪರೀಕ್ಷೆ ಬರೆದರು? ವಂತಿಗೆ ಬಾಕಿಯಿರುವ ಮನೆಗಳ ಪಟ್ಟಿ ಕಮಿಟಿಯ ಬಳಿ ಇರುತ್ತದೆ. ಓದು ನಿಂತುಹೋದ ಮಕ್ಕಳ ಪಟ್ಟಿಯನ್ನು ನಾವು ಎಲ್ಲಿಯೂ ಕಂಡಿಲ್ಲ. ಆ ಮಕ್ಕಳ ಓದು ಮುಂದುವರಿಯುವಂತೆ ನೋಡಿಕೊಳ್ಳುವ ಕೆಲಸಕ್ಕೆ ವೇದಿಕೆ ಬೇಕಾಗಿರಲಿಲ್ಲ, ಮೈಕೂ ಬೇಕಾಗಿರಲಿಲ್ಲ. ಒಂದು ನೋಂದಣಿ ಅರ್ಜಿ, ಒಂದಿಷ್ಟು ಶುಲ್ಕ, ಗಣಿತ ಬಲ್ಲ ಒಬ್ಬ ಸಹೋದರಿ ಸಾಕಿತ್ತು.

ಶುಲ್ಕ, ಅರ್ಜಿ ಎಂದೆವು. ಅದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮನ್ನು ಹುಡುಕಿಕೊಂಡು ಬರುವ ತಾಯಂದಿರ ಮೊದಲ ಪ್ರಶ್ನೆ ಇದೇ ಆಗಿರುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, ಕೇಂದ್ರ ಸರಕಾರದ ಸಂಸ್ಥೆ, 1989ರಲ್ಲಿ ಸ್ಥಾಪನೆಯಾದದ್ದು. ಹದಿನಾಲ್ಕು ವರ್ಷ ತುಂಬಿದವರು ಅದರಲ್ಲಿ ಹತ್ತನೆಯ ತರಗತಿಗೆ ಸಮಾನವಾದ ಸೆಕೆಂಡರಿ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಕನಿಷ್ಠ ಐದು ವಿಷಯಗಳನ್ನು ತೆಗೆದುಕೊಳ್ಳಬೇಕು. ಅವುಗಳಲ್ಲಿ ಭಾಷೆ ಒಂದಾದರೂ ಇರಬೇಕು, ಎರಡಕ್ಕಿಂತ ಹೆಚ್ಚು ಇರಬಾರದು. ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ, ಉರ್ದು ಇದೆ, ಅರಬಿಯೂ ಇದೆ. ವರ್ಷಕ್ಕೆರಡು ಬಾರಿ, ಎಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ, ಪರೀಕ್ಷೆ ನಡೆಯುತ್ತದೆ. ಐದೂ ವಿಷಯಗಳನ್ನು ಒಂದೇ ಸಲ ಬರೆಯಬೇಕೆಂಬ ನಿಯಮವಿಲ್ಲ; ಎರಡು ಈಗ, ಮೂರು ಮುಂದಿನ ಸಲ ಎಂದು ಹಂಚಿಕೊಳ್ಳಬಹುದು. ಐದು ವರ್ಷಗಳ ಅವಧಿ ಇರುತ್ತದೆ. ಕಿರಿಯ ಮಕ್ಕಳಿಗೆ ಮೂರು, ಐದು ಮತ್ತು ಎಂಟನೆಯ ತರಗತಿಗಳಿಗೆ ಸಮಾನವಾದ ಮೂರು ಹಂತಗಳೂ ಅಲ್ಲಿವೆ. ನಮ್ಮ ರಾಜ್ಯದಲ್ಲಿ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯುವ ಹಳೆಯ ದಾರಿಯೂ ಇದೆ. ಗೋಣಿಚೀಲದಲ್ಲಿ ಪುಸ್ತಕ ಕಟ್ಟಿಟ್ಟ ಆ ಮನೆಯವರು ಇವುಗಳಲ್ಲಿ ಯಾವುದೊಂದನ್ನೂ ವಿಚಾರಿಸಿರಲಿಲ್ಲ. ವಿಚಾರಿಸುವ ಅಗತ್ಯವೇ ಅವರಿಗೆ ತೋರಿರಲಿಲ್ಲ ಎಂಬುದೇ ನಮಗೆ ನೋವಿನ ಸಂಗತಿ.

ಕಾನೂನಿನ ವಿಷಯದಲ್ಲಿಯೂ ನಮ್ಮ ನಡುವೆ ಎರಡು ಸುಳ್ಳುಗಳು ಓಡಾಡುತ್ತಿವೆ. ಮನೆಯಲ್ಲಿ ಕಲಿಸಿದರೆ ಪೊಲೀಸರು ಬರುತ್ತಾರೆ ಎಂಬುದು ಒಂದು. ಮದ್ರಸಗಳಿಗೆ ಕಾನೂನಿನಲ್ಲಿ ವಿನಾಯಿತಿಯಿದೆ, ಆದ್ದರಿಂದ ನಮಗೂ ಇದೆ ಎಂಬುದು ಇನ್ನೊಂದು. 2009ರ ಶಿಕ್ಷಣ ಹಕ್ಕು ಕಾಯಿದೆಯ ಹತ್ತನೆಯ ಸೆಕ್ಷನ್, ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯವೆಂದು ಹೇಳುತ್ತದೆ. ಸೇರಿಸದ ಹೆತ್ತವರಿಗೆ ಆ ಕಾಯಿದೆಯಲ್ಲಿ ಶಿಕ್ಷೆಯನ್ನು ಹೇಳಿಲ್ಲ. ಮನೆಶಿಕ್ಷಣಕ್ಕೆ ಅದು ಸ್ಪಷ್ಟ ಮನ್ನಣೆಯನ್ನೂ ಕೊಟ್ಟಿಲ್ಲ. 2012ರ ತಿದ್ದುಪಡಿ ಮದ್ರಸಗಳನ್ನು ಮತ್ತು ವೇದ ಪಾಠಶಾಲೆಗಳನ್ನು ಕಾಯಿದೆಯ ಹೊರಗಿಟ್ಟಿತೇ ಹೊರತು ನಮ್ಮ ನಿಮ್ಮ ಮನೆಗಳನ್ನಲ್ಲ. ಅದೇ ಕಾಯಿದೆಯ ನಾಲ್ಕನೆಯ ಸೆಕ್ಷನ್ ಹೆತ್ತವರು ಬಾಯಿಪಾಠ ಮಾಡಿಕೊಳ್ಳಬೇಕಾದದ್ದು. ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗು ಮರಳಿ ಬಂದರೆ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಅದು ಹೇಳುತ್ತದೆ. ಅರ್ಥವಿಷ್ಟೇ: ನಿಮ್ಮಿಂದ ಆಗುತ್ತಿಲ್ಲವೆಂದು ಕಂಡರೆ ಮರಳುವ ಬಾಗಿಲು ತೆರೆದಿದೆ. ಮರಳುವುದು ಸೋಲಲ್ಲ. ನಮ್ಮೊಂದಿಗೆ ಆರಂಭಿಸಿದ ಆರನೆಯ ಮನೆಯವರು ಒಂದು ವರ್ಷದ ಬಳಿಕ ಮಕ್ಕಳನ್ನು ಸರಕಾರಿ ಶಾಲೆಗೆ ಸೇರಿಸಿದರು. ಅವರು ಪ್ರಾಮಾಣಿಕರು. ಆ ಮಕ್ಕಳು ಈಗ ಚೆನ್ನಾಗಿ ಓದುತ್ತಿದ್ದಾರೆ.

ಬಡ ಕುಟುಂಬಗಳಿಗೆ ಇನ್ನೊಂದು ಮಾತು. ಸರಕಾರಿ ಶಾಲೆಯನ್ನು ಬಿಟ್ಟ ಮಗು ಪಾಠದ ಜೊತೆಗೆ ಮಧ್ಯಾಹ್ನದ ಬಿಸಿಯೂಟವನ್ನೂ ಹಾಲನ್ನೂ ಬಿಟ್ಟು ಬರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ‘ಶಾಲೆ ಬಿಡಿಸಿ’ ಎಂದು ಉಪದೇಶಿಸುವವರ ಮನೆಯಲ್ಲಿ ಫ್ರಿಜ್ ತುಂಬಿರುತ್ತದೆ.

ಆರಂಭದಲ್ಲಿ ನಾವು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇವೆ. ಮೊದಲ ತಿಂಗಳು ನಾವು ಮನೆಯೊಳಗೆ ಶಾಲೆಯನ್ನೇ ಕಟ್ಟಿದೆವು. ಗೋಡೆಗೆ ವೇಳಾಪಟ್ಟಿ, ನಲವತ್ತು ನಿಮಿಷಕ್ಕೊಂದು ಪೀರಿಯಡ್, ಕೈಯಲ್ಲಿ ಬೆತ್ತವಿಲ್ಲದಿದ್ದರೂ ದನಿಯಲ್ಲಿ ಬೆತ್ತ. ಮೂರನೆಯ ವಾರ ಮಕ್ಕಳು ಶಾಲೆಗೇ ಹೋಗುತ್ತೇವೆ ಎಂದರು. ಅಲ್ಲಿ ಗೆಳೆಯರಾದರೂ ಇದ್ದರು. ಇಬ್ನು ಖಲ್ದೂನ್ ತಮ್ಮ ಮುಕದ್ದಿಮಾದಲ್ಲಿ, ಕಠೋರತೆಯಿಂದ ಕಲಿಸಿದ ಮಕ್ಕಳು ಸುಳ್ಳು ಮತ್ತು ಕಪಟವನ್ನು ಕಲಿಯುತ್ತಾರೆಂದು ಆರು ಶತಮಾನಗಳ ಹಿಂದೆಯೇ ಎಚ್ಚರಿಸಿದ್ದರು. ನಾವು ಅದನ್ನು ಓದಿದ್ದೆವು, ಉಪನ್ಯಾಸಗಳಲ್ಲಿ ಕೇಳಿಯೂ ಇದ್ದೆವು. ನಮ್ಮ ಮಗ ಬರೆಯದ ಕಾಪಿಯನ್ನು ಬರೆದಿದ್ದೇನೆ ಎಂದಾಗಲಷ್ಟೇ ಅದು ಅರ್ಥವಾಯಿತು.

ವೇಳಾಪಟ್ಟಿಯನ್ನು ಹರಿದು ಹಾಕಿ ಕೆಲವು ವಾರ ಓದಿ ಹೇಳುವುದನ್ನು ಮಾತ್ರ ಮಾಡಿದೆವು. ಬಳಿಕ ನಿಧಾನವಾಗಿ ಕ್ರಮ ತಾನಾಗಿ ಮೂಡಿತು. ಬೆಳಗ್ಗೆ ಎರಡೂವರೆ ಗಂಟೆ ಗಂಭೀರ ಓದು ಸಾಕಾಗುತ್ತದೆ. ಒಂದು ಮಗುವಿಗೆ ಒಬ್ಬರು ಎದುರು ಕುಳಿತರೆ ಶಾಲೆಯ ಇಡೀ ದಿನದ ಪಾಠ ಅಷ್ಟರಲ್ಲಿ ಮುಗಿಯುತ್ತದೆ. ರಾಜ್ಯದ ಪಠ್ಯಪುಸ್ತಕಗಳನ್ನೇ ನಾವು ಬಳಸುತ್ತೇವೆ; ಅವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಸಣ್ಣವರಿಗೆ ನಲಿ-ಕಲಿಯ ಕಾರ್ಡುಗಳಿವೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ತಮ್ಮ ತಮ್ಮ ಮೆಟ್ಟಿಲು ಏರುತ್ತಾರೆ. ಆರು, ಏಳು, ಒಂಬತ್ತು ವರ್ಷದ ಮೂವರಿರುವ ಮನೆಗೆ ಇದಕ್ಕಿಂತ ಹೊಂದುವ ಕ್ರಮವನ್ನು ನಾವು ಕಂಡಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ವಿದೇಶದಿಂದ ತರಿಸಿದ ‘ಇಸ್ಲಾಮಿಕ್ ಕರಿಕ್ಯುಲಂ’ ಎಂಬ ದುಬಾರಿ ಪೆಟ್ಟಿಗೆಗಳು ಧೂಳು ಹಿಡಿಯುತ್ತಿವೆ. ಗಣಿತದ ಲೆಕ್ಕದಲ್ಲಿ ಸೇಬಿನ ಬದಲು ಖರ್ಜೂರ ಎಣಿಸಿದರೆ ಅದು ದೀನೀ ಶಿಕ್ಷಣವಾಗುವುದಿಲ್ಲ.

ಆ ಪೆಟ್ಟಿಗೆಗಳ ಬಗ್ಗೆ ನಮ್ಮ ನಿಜವಾದ ದೂರು ಬೇರೆ ಇದೆ. ಅವುಗಳಲ್ಲಿ ಕನ್ನಡವಿಲ್ಲ. ನಮ್ಮ ಮನೆಗಳಲ್ಲಿ ಬ್ಯಾರಿ ಮಾತನಾಡುತ್ತೇವೆ. ಭಟ್ಕಳದವರು ನವಾಯತಿ, ಘಟ್ಟದ ಮೇಲಿನವರು ದಖ್ನಿ. ಮಗು ಕನ್ನಡವನ್ನು ಕಲಿಯುತ್ತಿದ್ದದ್ದು ಶಾಲೆಯಿಂದ, ಬೆಂಚಿನಲ್ಲಿ ಪಕ್ಕ ಕುಳಿತ ಗೆಳೆಯನಿಂದ. ಶಾಲೆಯನ್ನು ಬಿಡಿಸಿ, ಇಂಗ್ಲಿಷ್ ಪುಸ್ತಕ ಕೈಗಿತ್ತು, ಅರಬಿಯ ಉಸ್ತಾದರನ್ನು ಮನೆಗೆ ಕರೆಸಿದರೆ ಆ ಮಗು ಹತ್ತು ವರ್ಷಗಳ ಬಳಿಕ ತನ್ನ ತಾಲೂಕು ಕಚೇರಿಯಲ್ಲಿ ಒಂದು ಅರ್ಜಿಯನ್ನು ಓದಲಾರದು, ತನ್ನ ಬೀದಿಯವರೊಂದಿಗೆ ಮನಬಿಚ್ಚಿ ಮಾತನಾಡಲಾರದು. ಹುಟ್ಟಿದ ನೆಲದಲ್ಲಿಯೇ ಪರದೇಶಿಯಾಗುತ್ತದೆ. ನಿಸಾರ್ ಅಹಮದ್, ಸಾರಾ ಅಬೂಬಕ್ಕರ್, ಬೊಳುವಾರು, ಕಟ್ಪಾಡಿ - ಇವರೆಲ್ಲ ನಮ್ಮಂಥ ಮನೆಗಳಿಂದ ಬಂದು ಕನ್ನಡದಲ್ಲಿ ಬರೆದವರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಕಥೆಗಳೂ ಕನ್ನಡದಲ್ಲಿ ಹುಟ್ಟಿದವು. ಇವರು ಬರೆದದ್ದೆಲ್ಲವನ್ನೂ ಒಪ್ಪಬೇಕೆಂದು ನಾವು ಹೇಳುತ್ತಿಲ್ಲ, ನಮ್ಮಲ್ಲಿಯೇ ಒಪ್ಪದವರಿದ್ದಾರೆ. ಆದರೆ ಒಪ್ಪದಿರಲಿಕ್ಕೂ ಕನ್ನಡ ಬೇಕಲ್ಲವೇ?

ಆದ್ದರಿಂದ ನಮ್ಮ ಐದು ಮನೆಗಳು ಸೇರಿ ನಿವೃತ್ತ ಮಾಸ್ತರರೊಬ್ಬರನ್ನು ಗೊತ್ತುಮಾಡಿಕೊಂಡೆವು. ಹಿಂದೂ ಸಹೋದರರು, ನಮ್ಮ ಬೀದಿಯ ಆಚೆ ತುದಿಯ ಮನೆಯವರು. ಗುರುವಾರ ಮತ್ತು ಭಾನುವಾರ ಅವರ ಜಗಲಿಯಲ್ಲಿ ಮಕ್ಕಳು ಕನ್ನಡ ಕಲಿಯುತ್ತಾರೆ. ಇದಕ್ಕೂ ಆಕ್ಷೇಪ ಬಂತು. ದೀನ್ ಉಳಿಸಲೆಂದು ಮನೆಗೆ ಕರೆತಂದ ಮಕ್ಕಳನ್ನು ಮತ್ತೆ ಅಲ್ಲಿಗೇಕೆ ಕಳುಹಿಸುತ್ತೀರಿ ಎಂದರು. ಕೇಳಿದವರು ಸೀರತ್ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು. ಬದ್ರ್‌ನ ಕೈದಿಗಳಲ್ಲಿ ಅಕ್ಷರ ಬಲ್ಲವರಿಗೆ ಪ್ರವಾದಿಯವರು(ಸ) ನಿಗದಿ ಮಾಡಿದ ಪರಿಹಾರ ಯಾವುದೆಂದು ಅವರಿಗೆ ಗೊತ್ತು: ಮದೀನದ ಮಕ್ಕಳಿಗೆ ಓದುಬರಹ ಕಲಿಸುವುದು. ಯುದ್ಧಕ್ಕೆ ಬಂದವರಿಂದ ಮಕ್ಕಳಿಗೆ ಅಕ್ಷರ ಕಲಿಸಿದ ಸಮುದಾಯದವರು ನಾವು. ನಮ್ಮ ಮಾಸ್ತರರಾದರೋ ರಮಝಾನಿನಲ್ಲಿ ಪಾಠದ ಹೊತ್ತನ್ನು ತಾವಾಗಿಯೇ ಬೆಳಗ್ಗೆಗೆ ಬದಲಿಸುವವರು.

ಲೋಕಕ್ಕೆ ಹೆದರಿ ಮಾಡುವ ಮನೆಶಿಕ್ಷಣ ಬಹುಕಾಲ ಬಾಳುವುದಿಲ್ಲ ಎಂಬುದು ನಮ್ಮ ಅನುಭವ. ಹೆದರಿಕೆಯಿಂದ ಮನೆಗೆ ಬಂದ ಮಗುವಿಗೆ ಮನೆಯೂ ಕಿಟಕಿಯಿಲ್ಲದ ಕೋಣೆಯಾಗುತ್ತದೆ. ಕೊನೆಗೆ ಕಿಟಕಿಯಾಗಿ ಉಳಿಯುವುದು ಮೊಬೈಲ್ ಒಂದೇ. ನಮ್ಮ ಮಕ್ಕಳನ್ನು ಪಂಚಾಯತಿನ ಅರಿವು ಕೇಂದ್ರಕ್ಕೆ, ಬಂದರಿಗೆ, ಬ್ಯಾಂಕಿಗೆ, ಆಟದ ಮೈದಾನಕ್ಕೆ ಕರೆದೊಯ್ಯುತ್ತೇವೆ. ಹಾಗೆ ಕರೆದೊಯ್ಯಲು ಬಿಡುವಿಲ್ಲದವರು, ಬಿಡುವು ಮಾಡಿಕೊಳ್ಳಲು ಮನಸ್ಸಿಲ್ಲದವರು ಮಕ್ಕಳನ್ನು ಶಾಲೆಯಲ್ಲಿಯೇ ಬಿಡುವುದು ಲೇಸು.

ಬಿಡುವು ಎಂದಾಗ ಯಾರ ಬಿಡುವು ಎಂಬ ಪ್ರಶ್ನೆ ಬರುತ್ತದೆ. ಮನೆಶಿಕ್ಷಣದ ಕುರಿತು ಭಾಷಣ ಮಾಡುವವರು ಪುರುಷರು, ಅದನ್ನು ನಡೆಸುವವರು ತಾಯಂದಿರು. ಬೆಳಗ್ಗೆ ರೊಟ್ಟಿ, ಮಧ್ಯಾಹ್ನ ಮೀನು, ವೃದ್ಧ ಅತ್ತೆಯ ಔಷಧ, ಇದರ ನಡುವೆ ಮೂವರಿಗೆ ವಿಜ್ಞಾನ. ಸಾಲದ್ದಕ್ಕೆ ತಿಂಗಳ ಕೊನೆಯಲ್ಲಿ “ಮಕ್ಕಳಿಗೆ ಏನೂ ಬರುವುದಿಲ್ಲವಲ್ಲ” ಎಂಬ ಮಾತು. ತಮ್ಮ ಹೊಣೆಯಲ್ಲಿರುವವರ ಕುರಿತು ಪ್ರತಿಯೊಬ್ಬರೂ ವಿಚಾರಿಸಲ್ಪಡುವರು ಎಂಬ ಪ್ರವಾದಿವಚನವನ್ನು ನಾವು ಖುತ್ಬಾಗಳಲ್ಲಿ ಎಷ್ಟು ಬಾರಿ ಕೇಳಿಲ್ಲ? ಅದರಲ್ಲಿ ತಂದೆಯ ಹೆಸರೂ ಇದೆ. ನಮ್ಮ ಐವರಲ್ಲಿ ಇಬ್ಬರು ಕೊಲ್ಲಿಯಲ್ಲಿದ್ದಾರೆ. ಅವರಲ್ಲೊಬ್ಬರು ಪ್ರತಿ ಸಂಜೆ ಅರ್ಧ ಗಂಟೆ ವೀಡಿಯೊ ಕರೆಯಲ್ಲಿ ಗಣಿತ ಕಲಿಸುತ್ತಾರೆ. ತಮ್ಮ ಕೋಣೆಯ ಬಾಡಿಗೆ, ಊಟದ ಬಿಲ್ಲು, ರಿಯಾಲ್‌ನಿಂದ ರೂಪಾಯಿಗೆ ಪರಿವರ್ತನೆ, ಇವೇ ಲೆಕ್ಕಗಳು. ಶೇಕಡಾವಾರು ಎಂದರೇನೆಂದು ಆ ಮಕ್ಕಳಿಗೆ ನಮ್ಮೆಲ್ಲ ಮಕ್ಕಳಿಗಿಂತ ಮೊದಲು ತಿಳಿಯಿತು. ತಂದೆಯ ದುಡಿಮೆ ಎಷ್ಟು ಕಷ್ಟದ್ದೆಂಬುದೂ ತಿಳಿಯಿತು.

ಇನ್ನು ಜಮಾಅತಿನ ಹಿರಿಯರಿಗೆ. ನಿಮ್ಮಲ್ಲಿ ಹಲವರು ನಮ್ಮನ್ನು ಹಾಸ್ಯ ಮಾಡಿದ್ದೀರಿ, ಅದಕ್ಕೆ ಬೇಸರವಿಲ್ಲ. ನಮಗೆ ಬೇಸರವಿರುವುದು ಒಂದು ಬೀಗದ ಕೈಯ ಬಗ್ಗೆ. ಮೊಹಲ್ಲಾದ ಮದ್ರಸ ಕಟ್ಟಡ ಬೆಳಗ್ಗೆ ಎಂಟೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಅಸರ್ ಬಳಿಕ. ಒಳಗೆ ಬೆಂಚುಗಳಿವೆ, ಕರಿಹಲಗೆಯಿದೆ, ಫ್ಯಾನುಗಳಿವೆ. ಎಲ್ಲವೂ ನಮ್ಮ ನಿಮ್ಮ ದುಡ್ಡಿನಿಂದಲೇ ಬಂದವು. ಹತ್ತರಿಂದ ಒಂದು ಗಂಟೆಯವರೆಗೆ ಅದರ ಒಂದು ಕೋಣೆಯನ್ನು ಕೊಡಿ ಎಂದು ಕೇಳಿದೆವು. ಐದು ಮನೆಗಳ ಮಕ್ಕಳು ಅಲ್ಲಿ ಕುಳಿತು ಓದುತ್ತಾರೆ. ತಾಯಂದಿರು ಸರದಿಯಂತೆ ಇರುತ್ತಾರೆ, ಹಾಗಾದರೆ ಒಬ್ಬೊಬ್ಬರಿಗೂ ವಾರದಲ್ಲಿ ನಾಲ್ಕು ಬೆಳಗು ಬಿಡುವು ಸಿಗುತ್ತದೆ. ಬೇಕಿದ್ದರೆ ವಿದ್ಯುತ್ ಬಿಲ್ಲು ನಾವೇ ಕಟ್ಟುತ್ತೇವೆ. ಓದು ನಿಂತ ಹುಡುಗಿಯರೂ ಬರಬಹುದು. ಮೇಲಿನ ಗೋಣಿಚೀಲದ ಹುಡುಗಿ ಬರಬಹುದು. ಒಬ್ಬಳೇ ಮನೆಯಲ್ಲಿ ಕುಳಿತು ಬೀಜಗಣಿತ ಕಲಿಯಲು ಅವಳಿಂದಾಗದು. ಎದುರು ಇನ್ನಿಬ್ಬರು ಕುಳಿತಿದ್ದರೆ ಆದೀತು. ಒಂಟಿ ಮನೆಯೊಂದು ಈ ಕೆಲಸವನ್ನು ಹೊತ್ತು ಹೆಚ್ಚು ದೂರ ನಡೆಯಲಾರದು ಎಂಬುದನ್ನು ನಾವು ಕಂಡು ಅರಿತಿದ್ದೇವೆ.

ಉತ್ತರ ಏನು ಬಂತು? ಮೊದಲ ಬಾರಿ, ಹೆಂಗಸರು ಹಗಲಲ್ಲಿ ಮದ್ರಸ ಕಟ್ಟಡಕ್ಕೆ ಬಂದು ಹೋಗುವುದು ಸರಿಯೇ ಎಂದರು. ಹಝ್ರತ್ ಹಫ್ಸಾ(ರ) ಅವರಿಗೆ ಬರಹ ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಮಹಿಳೆ. ಆ ಚರಿತ್ರೆಯನ್ನು ಮದ್ರಸದಲ್ಲಿ ಹೇಳಿಕೊಡುವಾಗ ಅಡ್ಡಿ ಕಾಣದವರಿಗೆ ಕೋಣೆ ಕೊಡುವಾಗ ಅಡ್ಡಿ ಕಂಡಿತು. ಎರಡನೆಯ ಬಾರಿ, ಖತೀಬರು ನಮ್ಮ ಪರವಾಗಿ ಮಾತನಾಡಿದರು - ಅಲ್ಲಾಹನು ಅವರಿಗೆ ಒಳಿತು ಮಾಡಲಿ - ಆದರೆ ಕಮಿಟಿಯಲ್ಲಿ ಕೋರಂ ಇರಲಿಲ್ಲ. ಮೂರನೆಯ ಬಾರಿ ಬಣ್ಣ ಬಳಿಯುವ ಕೆಲಸವಿತ್ತು. ಬಣ್ಣ ಬಳಿದು ಮುಗಿದಿದೆ, ಚೆನ್ನಾಗಿಯೂ ಇದೆ.

ಈ ನಡುವೆ ನಮ್ಮ ಮನೆಯವರು ಆ ಉಮ್ಮನ ಮನೆಗೆ ಎರಡು ಸಲ ಹೋಗಿ ಬಂದರು. ಹುಡುಗಿಗೆ ಹದಿನೈದಾಗಿದೆ. ಜನನ ಪ್ರಮಾಣಪತ್ರವಿದೆ, ಶಾಲೆಯ ವರ್ಗಾವಣೆ ಪತ್ರವನ್ನು ಯಾರೂ ತಂದಿರಲಿಲ್ಲ, ಈಗ ಅವಳ ಮಾವ ಹೋಗಿ ತಂದಿದ್ದಾರೆ. ಕನ್ನಡ, ಗಣಿತ, ಸಮಾಜ ವಿಜ್ಞಾನ, ಗೃಹವಿಜ್ಞಾನ, ಉರ್ದು ಎಂದು ಐದು ವಿಷಯಗಳನ್ನು ಅವಳೇ ಆರಿಸಿಕೊಂಡಿದ್ದಾಳೆ. ಮೊದಲಿಗೆ ಕನ್ನಡ ಮತ್ತು ಉರ್ದು ಬರೆಯುತ್ತಾಳಂತೆ. ಗಣಿತದ ಹೆದರಿಕೆ ಇನ್ನೂ ಬಿಟ್ಟಿಲ್ಲ. ತಂದೆ ಇನ್ನೂ ಪೂರ್ತಿ ಒಪ್ಪಿಲ್ಲ, ಬೇಡವೆಂದೂ ಹೇಳಿಲ್ಲ. ಅವಳು ಈಗ ನಮ್ಮ ಒಂದು ಮನೆಯ ಹಜಾರದಲ್ಲಿ ಬಂದು ಕುಳಿತುಕೊಳ್ಳುತ್ತಾಳೆ, ಚಿಕ್ಕ ತಮ್ಮನನ್ನೂ ಜೊತೆಗೆ ಕರೆತರುತ್ತಾಳೆ. ಹಜಾರ ಚಿಕ್ಕದು; ಹನ್ನೊಂದು ಮಕ್ಕಳಿಗೇ ಇಕ್ಕಟ್ಟಾಗಿತ್ತು.

ಕಮಿಟಿಯ ಮುಂದಿನ ಸಭೆ ರಬೀಉಲ್ ಅವ್ವಲ್ ಕಳೆದ ಮೊದಲ ಶುಕ್ರವಾರ, ಜುಮಾದ ಬಳಿಕ. ನಾಲ್ಕನೆಯ ಅರ್ಜಿಯನ್ನು ಬರೆದು ಕೊಟ್ಟಿದ್ದೇವೆ. ಕೆಳಗೆ ಹದಿನಾಲ್ಕು ತಾಯಂದಿರ ಸಹಿಯಿದೆ. ಅವರಲ್ಲಿ ಒಂಬತ್ತು ಮಂದಿ ನಮ್ಮ ಐದು ಮನೆಗಳವರಲ್ಲ.